ಹೆಸರಿಗೊಂದು ಊರು

2025ರ ಮೇ ತಿಂಗಳಿನಲ್ಲಿ ನಾವು ದಂಪತಿಗಳು ಜರ್ಮನಿಯ ಸ್ಟುಟ್‌ಗಾರ್ಟ್ ನಗರದ ಸಮೀಪದಲ್ಲಿರುವ ಮಗನ ಮನೆಗೆ ಹೋಗಿದ್ದೆವು. ಸೊಸೆಯ ಬಾಣಂತನವೇ ಹೋದುದರ ಉದ್ದೇಶ. ದೇಶ ನೋಡುವುದು ಆಮೇಲಿನ ಮಾತು. ಜೂನ್ ಮೊದಲ ವಾರದಲ್ಲಿ ಮೊಮ್ಮಗಳು ಹುಟ್ಟಿದಳು. ನಮ್ಮ ಕಡೆಯ ಪದ್ಧತಿಯಂತೆ ತೊಟ್ಟಿಲಿಗೆ ಹಾಕಿ, ಕಿವಿಯಲ್ಲಿ ಹೆಸರು ಕರೆದು, ನೆರೆಹೊರೆಯವರಿಗೆ ಗುಗ್ಗರಿ ಹಂಚಬೇಕೆಂದು ನಮ್ಮ ಶ್ರೀಮತಿಯವರು ದಿನ ಎಣಿಸುತ್ತಿದ್ದರು. ಆದರೆ ತೊಟ್ಟಿಲಿಗಿಂತ ಮೊದಲು ಹೆಸರು ಕೇಳಿದ್ದು ಅಲ್ಲಿಯ ಸರಕಾರಿ ಕಚೇರಿ.

ಜನನ, ವಿವಾಹ, ಮರಣಗಳನ್ನು ದಾಖಲು ಮಾಡುವ ಆ ಕಚೇರಿಗೆ ಸ್ಟಾಂಡೆಸಾಮ್ಟ್ ಎನ್ನುತ್ತಾರೆ. ಮಗು ಹುಟ್ಟಿದ ಒಂದು ವಾರದೊಳಗೆ ಅಲ್ಲಿಗೆ ತಿಳಿಸಬೇಕು. ಹೆಸರು ಇನ್ನೂ ನಿಶ್ಚಯವಾಗಿರದಿದ್ದರೆ ಒಂದು ತಿಂಗಳ ಅವಕಾಶವುಂಟು. ಮಗುವಿನ ಹಿತಕ್ಕೆ ಧಕ್ಕೆ ತರುವಂತಹ ಹೆಸರನ್ನು ಅಧಿಕಾರಿ ಒಪ್ಪುವುದಿಲ್ಲ. ಹೆಸರಿನಿಂದ ಹೆಣ್ಣೋ ಗಂಡೋ ತಿಳಿಯಲೇಬೇಕೆಂಬ ಪದ್ಧತಿಯೂ ಬಹುಕಾಲ ನಡೆದಿತ್ತು. ಅದನ್ನು ಮುರಿದದ್ದು ನಮ್ಮದೇ ಒಂದು ಹೆಸರು ಎಂಬುದನ್ನು ಕೇಳಿ ನಮಗೆ ಸೋಜಿಗವಾಯಿತು. ಭಾರತೀಯ ಮೂಲದ ತಂದೆತಾಯಿಗಳು ಮಗಳಿಗೆ ಕಿರಣ್ ಎಂದು ಹೆಸರಿಡಲು ಹೋದಾಗ, ಅದರಿಂದ ಹೆಣ್ಣೆಂದು ತಿಳಿಯುವುದಿಲ್ಲ ಎಂದು ಆಕ್ಷೇಪ ಬಂದಿತು. ವಿವಾದ ಸಂವಿಧಾನ ನ್ಯಾಯಾಲಯದವರೆಗೆ ಹೋಗಿ, 2008ರಲ್ಲಿ ತೀರ್ಪು ಆ ತಂದೆತಾಯಿಗಳ ಪರವಾಗಿ ಬಂದಿತು.

ನಮ್ಮ ಮೊಮ್ಮಗಳ ಹೆಸರಿಗೆ ಯಾವ ಅಡ್ಡಿಯೂ ಬರಲಿಲ್ಲ. ತೊಡಕು ಬಂದದ್ದು ಮನೆತನದ ಹೆಸರಿನಲ್ಲಿ. ನಮ್ಮದು ಧಾರವಾಡ ಸೀಮೆ, ಅಡ್ಡಹೆಸರಿದೆ. ಸೊಸೆ ಮೈಸೂರು ಸೀಮೆಯವಳು. ಅವಳ ಹೆಸರಿನ ಹಿಂದಿರುವುದು ಊರಿನ ಮತ್ತು ತಂದೆಯ ಹೆಸರಿನ ಮೊದಲಕ್ಷರಗಳು ಮಾತ್ರ. ಪಾಸ್‌ಪೋರ್ಟಿನಲ್ಲಿ ಮನೆತನದ ಹೆಸರಿನ ಜಾಗದಲ್ಲಿ ಅವಳ ತಂದೆಯ ಸ್ವಂತ ಹೆಸರನ್ನೇ ಬರೆಸಿದ್ದಾರೆ. "ಇದು ನಿಮ್ಮ ವಂಶದ ಹೆಸರೋ, ತಂದೆಯವರ ಹೆಸರೋ?" ಎಂದು ಆ ಅಧಿಕಾರಿಣಿ ವಿನಯದಿಂದಲೇ ಕೇಳಿದರು. ಸೊಸೆ ಅರ್ಧ ಗಂಟೆ ವಿವರಿಸಬೇಕಾಯಿತು.

ನಮ್ಮನ್ನು ನಿಜವಾಗಿ ನಿರುತ್ತರರನ್ನಾಗಿ ಮಾಡಿದವರು ಮಾತ್ರ ಮಗನ ಮನೆಯ ಕೆಳ ಅಂತಸ್ತಿನಲ್ಲಿ ವಾಸವಾಗಿರುವ ಒಬ್ಬ ವೃದ್ಧ ಮಹಿಳೆ. 87ರ ಇಳಿವಯಸ್ಸು. ಮಗುವಿಗೆಂದು ಕೈಯಾರೆ ಹೆಣೆದ ಕಾಲುಚೀಲ ತಂದವರು, ಮಾತಿನ ನಡುವೆ ನಮ್ಮನ್ನು ಕೇಳಿದರು: "ನಿಮ್ಮ ಅಜ್ಜಿಯ ಹುಟ್ಟಿದ ಮನೆಯ ಹೆಸರೇನು?" ಮಗ ಅದನ್ನು ಕನ್ನಡದಲ್ಲಿ ಹೇಳಿದ. ಅಜ್ಜನ ಹೆಸರು ಹೇಳಬಲ್ಲೆವು, ಮುತ್ತಜ್ಜನದೂ ಹೇಳಬಲ್ಲೆವು. ತಂದೆಯನ್ನು ಹೆತ್ತ ಅಜ್ಜಿ ನಮಗೆ ಬರಿಯ "ದೊಡ್ಡಾಯಿ". ಆಕೆಯ ತವರುಮನೆಯ ಹೆಸರು ಹಾಗಿರಲಿ, ಆಕೆಯ ಸ್ವಂತ ಹೆಸರೇ ನಮಗೆ ತಿಳಿಯದು. ಆಕೆಯ ತೊಡೆಯ ಮೇಲೆ ಆಡಿ ಬೆಳೆದವರು ನಾವು. ಆ ದಿನ ತಲೆ ತಗ್ಗಿಸಿ ಸುಮ್ಮನಾದೆವು.

ಜರ್ಮನರಲ್ಲಿ ವಿವಾಹಿತ ಸ್ತ್ರೀಯ ಹೆಸರಿನ ಮುಂದೆ "ಗೆಬೊರೆನೆ", ಎಂದರೆ "ಹುಟ್ಟಿನಿಂದ ಇಂಥವಳು" ಎಂದು ತವರಿನ ಹೆಸರನ್ನು ಸೇರಿಸಿ ಬರೆಯುವ ರೂಢಿಯಿದೆ. ಮದುವೆಯಾಗಿ ಅರವತ್ತು ವರ್ಷವಾಗಿದ್ದರೂ ದಾಖಲೆಯಲ್ಲಿ ಆ ಹೆಸರು ಅಳಿಯುವುದಿಲ್ಲ. ಆ ಹಿರಿಯರ ಪ್ರಶ್ನೆ ಅಲ್ಲಿಯ ಲೋಕರೂಢಿಯ ಸಹಜ ಪ್ರಶ್ನೆ. ಅಂದಿನಿಂದ ನಮಗೆ ಆ ದೇಶದ ಹೆಸರುಗಳ ಮೇಲೆಯೇ ಕಣ್ಣು ನೆಟ್ಟಿತು.

ಅಂಚೆಪೆಟ್ಟಿಗೆಯ ಮೇಲಿನ ಪಾಠ

ಬೆಳಗಿನ ತಿರುಗಾಟದಲ್ಲಿ ಮನೆಮನೆಯ ಅಂಚೆಪೆಟ್ಟಿಗೆಯ ಮೇಲಿನ ಹೆಸರುಗಳನ್ನು ಓದುವುದು, ಅರ್ಥವನ್ನು ಮಗನಿಂದ ಕೇಳುವುದು ನಮ್ಮ ನಿತ್ಯದ ಕೆಲಸವಾಯಿತು. ಮ್ಯೂಲರ್ ಎಂದರೆ ಗಿರಣಿಯವ. ಆ ದೇಶದಲ್ಲಿ ಎಲ್ಲಕ್ಕಿಂತ ಹೆಚ್ಚು ಜನರಿಗಿರುವ ಮನೆತನದ ಹೆಸರು ಅದೇ. ಶ್ಮಿಟ್ ಎಂದರೆ ಕಮ್ಮಾರ, ವೇಬರ್ ಎಂದರೆ ನೇಕಾರ, ಶ್ನೈಡರ್ ಎಂದರೆ ಸಿಂಪಿಗ, ಶುಲ್ಟ್ಸ್ ಎಂದರೆ ಊರ ಮುಖಂಡ. ಬಡಿಗೇರ, ಗಾಣಿಗೇರ, ಹೂಗಾರ, ಪಾಟೀಲ ಎಂಬ ಹೆಸರುಗಳ ನಡುವೆ ಬಾಳುವ ನಮಗೆ ಇದು ಪರಕೀಯವೆನಿಸಲಿಲ್ಲ. ಕಾಯಕವೇ ಅಲ್ಲಿಯೂ ಮನೆತನವಾಗಿದೆ. ಮೆಣಸಿನಕಾಯಿ, ಉಳ್ಳಾಗಡ್ಡಿ, ಬೆಲ್ಲದ ಎಂಬ ನಮ್ಮವರ ಅಡ್ಡಹೆಸರು ಕೇಳಿ ಪರವೂರಿನವರು ನಗುವುದುಂಟು. ಜರ್ಮನಿಯನ್ನು 16 ವರ್ಷ ಆಳಿದ ಪ್ರಧಾನಿ ಹೆಲ್ಮುಟ್ ಕೋಲ್ ಅವರ ಮನೆತನದ ಹೆಸರಿನ ಅರ್ಥ ಎಲೆಕೋಸು. ಬೆಳ್ಳುಳ್ಳಿ ಎಂಬ ಅರ್ಥದ ಕ್ನೋಬ್‌ಲಾಖ್ ಎಂಬ ಹೆಸರೂ ಅಲ್ಲಿದೆ.

ಕನ್ನಡಿಗರೆಲ್ಲರೂ ಬಲ್ಲ ಕಿಟೆಲ್ ಎಂಬ ಹೆಸರಿಗೂ ಅರ್ಥವಿದೆ. ಕಿಟೆಲ್ ಎಂದರೆ ಕೆಲಸದ ವೇಳೆ ತೊಡುವ ಸಡಿಲವಾದ ಮೇಲಂಗಿ. ಯಾವ ಕಾಲದಲ್ಲಿಯೋ ಅಂಥ ಅಂಗಿ ಹೊಲಿಯುತ್ತಿದ್ದವನೋ ತೊಡುತ್ತಿದ್ದವನೋ ಒಬ್ಬನಿಗೆ ಊರವರು ಇಟ್ಟ ಹೆಸರು, 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕನ್ನಡದ ಮಹಾನಿಘಂಟಿನ ಮೇಲೆ ಬಂದು ಕುಳಿತಿತು.

ಕರೆಯುವ ಹೆಸರಿನ ವಿಚಾರವೂ ಸ್ವಾರಸ್ಯವಾಗಿದೆ. ನಾವು ನಾಮ ಎನ್ನುವುದನ್ನು ಅವರು "ನಾಮೆ" ಎನ್ನುತ್ತಾರೆ. ಎರಡೂ ಒಂದೇ ಮೂಲದ ಶಬ್ದಗಳು. ಒಬ್ಬನಿಗೆ ಎರಡು ಮೂರು ಹೆಸರಿಟ್ಟು, ಅವುಗಳಲ್ಲಿ ಒಂದರಿಂದ ಮಾತ್ರ ಕರೆಯುತ್ತಾರೆ. ಅದು "ರೂಫ್‌ನಾಮೆ", ಕೂಗುವ ಹೆಸರು. ಸಂಗೀತಗಾರ ಯೋಹಾನ್ ಸೆಬಾಸ್ಟಿಯನ್ ಬಾಖ್ ಅವರ ಮನೆಯನ್ನೇ ನೋಡಬಹುದು. ತಂದೆ ಯೋಹಾನ್ ಆಂಬ್ರೋಸಿಯಸ್; ಅಣ್ಣಂದಿರು ಯೋಹಾನ್ ಕ್ರಿಸ್ಟೋಫ್, ಯೋಹಾನ್ ಯಾಕೊಬ್. ಯೋಹಾನ್ ಎಂದು ಬೀದಿಯಲ್ಲಿ ಕೂಗಿದ್ದರೆ ಮನೆಯೆಲ್ಲ ಓಗೊಡಬೇಕಾಗುತ್ತಿತ್ತು. ಹಳೆಯ ದಾಖಲೆಯಲ್ಲಿ ಯೋಹಾನ್ ಎಂಬುವನನ್ನು ಹುಡುಕುವವರು ಎರಡನೆಯ ಹೆಸರನ್ನು ಬಿಟ್ಟರೆ ದಾರಿ ತಪ್ಪಿದಂತೆಯೇ. ಹೆಂಗಸರ ಹೆಸರಿಗೆ "ಇನ್" ಎಂಬ ಪ್ರತ್ಯಯವೂ ಸೇರುತ್ತಿತ್ತು. ನಮ್ಮಲ್ಲಿ ಗೌಡನ ಹೆಂಡತಿ ಗೌಡತಿಯಾದಂತೆ, ಬಾಖ್ ಅವರ ಪತ್ನಿ ಆನ್ನಾ ಮಾಗ್ಡಲೇನಾ ತಮ್ಮ ಸಂಗೀತದ ಪುಸ್ತಕದ ಮೇಲೆ "ಬಾಖಿನ್" ಆಗಿದ್ದಾರೆ.

ಬಾಖ್ ಅವರು 1735ರಲ್ಲಿ, ತಮ್ಮ 50ನೆಯ ವಯಸ್ಸಿನಲ್ಲಿ, ವಂಶದ ವೃತ್ತಾಂತವೊಂದನ್ನು ಬರೆದಿಟ್ಟರು. ಧರ್ಮದ ಕಾರಣದಿಂದ ಹಂಗೆರಿ ಬಿಟ್ಟು ಬಂದು ಥುರಿಂಗಿಯ ಪ್ರಾಂತದ ವೆಖ್ಮಾರ್ ಎಂಬ ಹಳ್ಳಿಯಲ್ಲಿ ನೆಲೆಸಿದ ಫೈಟ್ ಬಾಖ್‌ನಿಂದ ಅದು ಆರಂಭವಾಗುತ್ತದೆ. ಆತ ಗಿರಣಿಗೆ ಹೋಗುವಾಗಲೂ ತಂತಿವಾದ್ಯವನ್ನು ಒಯ್ಯುತ್ತಿದ್ದನಂತೆ. ಎಷ್ಟು ಪ್ರೀತಿಯಿಂದ ಬರೆದ ಪಟ್ಟಿಯದು! ಆದರೆ ಅದರಲ್ಲಿ ಸಂಖ್ಯೆ ಹಾಕಿ ಎಣಿಸಿದ 53 ಜನರೂ ಗಂಡಸರು. ಇದನ್ನು ಕೇಳಿದಾಗ ನಮಗೆ ಮತ್ತೆ ದೊಡ್ಡಾಯಿಯ ನೆನಪಾಯಿತು.

ಕಿಟೆಲ್ ಹುಟ್ಟಿದ ನೆಲದಲ್ಲಿ

ಕಿಟೆಲ್ ಅವರು 1903ರಲ್ಲಿ ತೀರಿಕೊಂಡ ಟ್ಯೂಬಿಂಗನ್ ನಗರ ಮಗನ ಮನೆಯಿಂದ ದೂರವಿಲ್ಲ. ಅವರು 1832ರಲ್ಲಿ ಹುಟ್ಟಿದ್ದು ಮಾತ್ರ ದೇಶದ ಮತ್ತೊಂದು ತುದಿಯಲ್ಲಿ, ಉತ್ತರ ಸಮುದ್ರದ ದಂಡೆಯ ಪೂರ್ವ ಫ್ರೀಸಿಯ ಸೀಮೆಯ ರೆಸ್ಟರ್‌ಹಾಫೆ ಎಂಬ ಹಳ್ಳಿಯಲ್ಲಿ. ಜುಲೈ ತಿಂಗಳಲ್ಲಿ ಮಗ ರಜೆ ಪಡೆದು ನಮ್ಮನ್ನು ಅಲ್ಲಿಗೆ ಕರೆದೊಯ್ದ. ರೈಲು ದಕ್ಷಿಣದ ದ್ರಾಕ್ಷಿಯ ಗುಡ್ಡಗಳನ್ನು ಬಿಟ್ಟು, ರೈನ್ ನದಿಯ ಗುಂಟ ಸಾಗಿ, ವೆಸ್ಟ್‌ಫಾಲಿಯದ ಬಯಲನ್ನು ದಾಟಿತು.

ಈ ವೆಸ್ಟ್‌ಫಾಲಿಯದಲ್ಲಿ ಹಿಂದೆ ಹೆಸರಿನ ಒಡೆತನ ಮನುಷ್ಯನದಾಗಿರಲಿಲ್ಲ, ಹೊಲಮನೆಯದಾಗಿತ್ತು. ಗಂಡುಮಕ್ಕಳಿಲ್ಲದ ರೈತನ ಮನೆಗೆ ಅಳಿಯನಾಗಿ ಬಂದವನು ತನ್ನ ತಂದೆಯ ಹೆಸರನ್ನು ಬಿಟ್ಟು, ಆ ಹೊಲಮನೆಯ ಹೆಸರನ್ನು ಧರಿಸುತ್ತಿದ್ದ. ದಾಖಲೆಯಲ್ಲಿ ಎರಡು ಹೆಸರುಗಳ ನಡುವೆ "ಗೆನಾಂಟ್", ಎಂದರೆ "ಎಂದು ಕರೆಯಲ್ಪಡುವ", ಎಂಬ ಶಬ್ದ ಕಂಡರೆ ಮನೆಯಳಿಯನಿರಬೇಕೆಂದು ಊಹಿಸಬೇಕು. ಅಣ್ಣತಮ್ಮಂದಿರಿಬ್ಬರು ಎರಡು ಮನೆತನದ ಹೆಸರಿನಿಂದ ಬಾಳಿದ್ದೂ ಉಂಟು.

ಪೂರ್ವ ಫ್ರೀಸಿಯ ಸಮುದ್ರಮಟ್ಟದ ಸಮತಟ್ಟು ನೆಲ. ಸಮುದ್ರಕ್ಕೆ ಮಣ್ಣಿನ ಒಡ್ಡು ಹಾಕಿ ಉಳಿಸಿಕೊಂಡ ಊರುಗಳು. ಹಳೆಯ ಚರ್ಚುಗಳು ನೆರೆಯ ಭಯದಿಂದ ದಿಬ್ಬದ ಮೇಲೆ ನಿಂತಿವೆ. ಜನ ಚಹಾಪ್ರಿಯರು, ಕಪ್ಪಿನ ತಳದಲ್ಲಿ ಕಲ್ಲುಸಕ್ಕರೆಯಿಟ್ಟು, ಅಸ್ಸಾಮಿನ ಚಹಾ ಸುರಿದು, ಮೇಲೆ ಕೆನೆ ಬಿಡುತ್ತಾರೆ. ಇಲ್ಲಿ ಸ್ಥಿರವಾದ ಮನೆತನದ ಹೆಸರೆಂಬುದು ಬಹಳ ಜನರಿಗೆ ಇರಲೇ ಇಲ್ಲ. ಯಾನ್ ಎಂಬುವನ ಮಗ ಹಾರ್ಮ್ ಆದರೆ ಅವನು ಹಾರ್ಮ್ ಯಾನ್ಸೆನ್. ಹಾರ್ಮ್‌ನ ಮಗನಿಗೆ ಅಜ್ಜನ ಹೆಸರಿಟ್ಟರೆ ಅವನು ಯಾನ್ ಹಾರ್ಮ್ಸ್. ಚೊಚ್ಚಲ ಗಂಡುಮಗುವಿಗೆ ತಂದೆಯ ತಂದೆಯ ಹೆಸರು, ಎರಡನೆಯವನಿಗೆ ತಾಯಿಯ ತಂದೆಯ ಹೆಸರು ಇಡುವುದು ವಾಡಿಕೆ. ನಮ್ಮ ಸೊಸೆ ಇದನ್ನು ಕೇಳಿ, "ಇವರು ನಮ್ಮ ಮೈಸೂರಿನ ಕಡೆಯವರೇ" ಎಂದು ನಕ್ಕಳು.

1811ರಲ್ಲಿ ನೆಪೋಲಿಯನ್ನನ ಆಡಳಿತ ಆ ಸೀಮೆಯ ಮೇಲಿದ್ದಾಗ, ಪ್ರತಿ ಕುಟುಂಬವೂ ಒಂದು ಸ್ಥಿರವಾದ ಹೆಸರನ್ನು ಹಿಡಿಯಬೇಕೆಂದು ಆಜ್ಞೆಯಾಯಿತು. ತೆರಿಗೆಗೆ, ಸೈನ್ಯದ ಭರ್ತಿಗೆ ಸರಕಾರಕ್ಕೆ ಅದು ಬೇಕಿತ್ತು. ಜನ ಆ ಗಳಿಗೆಯ ತಂದೆಯ ಹೆಸರನ್ನೇ ಮನೆತನದ ಹೆಸರೆಂದು ಬರೆಸಿದರು. ಯಾನ್ಸೆನ್, ಹಾರ್ಮ್ಸ್ ಎಂಬವು ಅಲ್ಲಿಗೆ ಕಲ್ಲಾಗಿ ನಿಂತವು. ಆದರೂ ಹಲವರು ಹತ್ತಾರು ವರ್ಷ ಹಳೆಯ ಪದ್ಧತಿಯನ್ನು ಬಿಡಲಿಲ್ಲ. ಈಗ 2025ರ ಮೇ 1ರಿಂದ ಜಾರಿಗೆ ಬಂದ ಹೊಸ ಕಾಯಿದೆಯಲ್ಲಿ, ಫ್ರೀಸಿಯನ್ ಸಂಪ್ರದಾಯದವರು ತಂದೆಯ ಅಥವಾ ತಾಯಿಯ ಹೆಸರಿನಿಂದ ಮಗುವಿನ ಮನೆತನದ ಹೆಸರನ್ನು ಕಟ್ಟಲು ಅನುಮತಿ ಸಿಕ್ಕಿದೆ. ಇನ್ನೂರು ವರ್ಷ ಕಳೆದ ಮೇಲೆ ಹಳೆಯ ರೂಢಿಗೆ ಬಾಗಿಲು ತೆರೆಯಿತು. ತಾಯಿಗೂ ಅದರಲ್ಲಿ ಪಾಲು ದೊರೆಯಿತು.

ರೆಸ್ಟರ್‌ಹಾಫೆಯಲ್ಲಿ ನಿಂತಾಗ, ಪಾದ್ರಿಯ ಮನೆಯ ಕೂಸೊಂದು ಈ ಗಾಳಿಯ ಊರಿನಿಂದ ಹೊರಟು 1853ರಲ್ಲಿ ನಮ್ಮ ಧಾರವಾಡ ಸೀಮೆಗೆ ಬಂದ ದೂರವನ್ನು ನೆನೆದು ಮನಸ್ಸು ತುಂಬಿ ಬಂದಿತು. ಕನ್ನಡದ ಒಂದೊಂದು ಶಬ್ದದ ಬೇರನ್ನೂ ಹುಡುಕಿದ ಆ ಮಹನೀಯರ ಊರಿನಲ್ಲಿ ನಾವು ನಮ್ಮ ಅಜ್ಜಿಯ ಹೆಸರು ಅರಿಯದೆ ನಿಂತಿದ್ದೆವು.

ಚರ್ಚಿನ ವಹಿಗಳು

ಜರ್ಮನರು ತಮ್ಮ ಹಿರಿಯರನ್ನು ಹುಡುಕುವ ಕ್ರಮವನ್ನು ಕೆಳಮನೆಯ ಆ ವೃದ್ಧ ಮಹಿಳೆಯ ಮಗಳು ನಮಗೆ ತಿಳಿಸಿದರು. ಸರಕಾರದ ದಾಖಲೆ ಇಡೀ ದೇಶದಲ್ಲಿ ಆರಂಭವಾದದ್ದು 1876ರ ಜನವರಿ 1ರಂದು. ಅದರಲ್ಲಿಯೂ ಜನನದ ದಾಖಲೆ 110 ವರ್ಷ, ವಿವಾಹದ್ದು 80 ವರ್ಷ, ಮರಣದ್ದು 30 ವರ್ಷ ಕಳೆಯುವವರೆಗೆ ಹೊರಗಿನವರಿಗೆ ಸಿಗುವುದಿಲ್ಲ. ಆ ಬಳಿಕ ಅವು ಸಾರ್ವಜನಿಕ ಪತ್ರಾಗಾರಕ್ಕೆ ಸೇರುತ್ತವೆ. 1876ಕ್ಕೂ ಹಿಂದೆ ಹೋಗಬೇಕಾದರೆ ಚರ್ಚಿನ ವಹಿಗಳೇ ಗತಿ. ದೀಕ್ಷಾಸ್ನಾನ, ಮದುವೆ, ಮಣ್ಣು ಈ ಮೂರನ್ನೂ ಊರಿನ ಪಾದ್ರಿಗಳು 16ನೆಯ ಶತಮಾನದಿಂದ ಬರೆಯತೊಡಗಿದರು. 1618ರಿಂದ 1648ರವರೆಗಿನ ಮೂವತ್ತು ವರ್ಷಗಳ ಯುದ್ಧದಲ್ಲಿ ಎಷ್ಟೋ ವಹಿಗಳು ಸುಟ್ಟುಹೋದವು. ಉಳಿದವುಗಳಲ್ಲಿ ಸಾವಿರಾರು ವಹಿಗಳ ಚಿತ್ರಗಳನ್ನು ಇಂದು ಗಣಕಯಂತ್ರದ ಪರದೆಯ ಮೇಲೆಯೇ ಓದಬಹುದು.

ಓದುವುದು ಮಾತ್ರ ಸುಲಭವಲ್ಲ. ಅವುಗಳನ್ನು ಬರೆದದ್ದು ಕುರ್ರೆಂಟ್ ಎಂಬ ಹಳೆಯ ಕೈಬರಹದಲ್ಲಿ. 1941ರಲ್ಲಿ ಆ ಬರಹವನ್ನು ಶಾಲೆಗಳಿಂದ ತೆಗೆದುಹಾಕಿದ್ದರಿಂದ ಇಂದಿನ ಜರ್ಮನರು ತಮ್ಮ ಅಜ್ಜನ ಕಾಗದವನ್ನೇ ಓದಲಾರರು. ನಮ್ಮ ಮುಂಬಯಿ ಕರ್ನಾಟಕದ ಮನೆಗಳಲ್ಲಿ ಮೋಡಿ ಲಿಪಿಯ ಹಳೆಯ ಕಾಗದಗಳು ಗಂಟಿನಲ್ಲಿ ಕುಳಿತಂತೆಯೇ ಇದು. ಇನ್ನೊಂದು ತೊಡಕೂ ಉಂಟು. ಒಂದು ಕೂಸು ತೀರಿಕೊಂಡರೆ ಮುಂದೆ ಹುಟ್ಟಿದ ಕೂಸಿಗೆ ಅದೇ ಹೆಸರಿಡುತ್ತಿದ್ದರು. ಒಂದೇ ತಂದೆತಾಯಿಗೆ ಒಂದೇ ಹೆಸರಿನ ಇಬ್ಬರು ಕಂಡಾಗ ಮಣ್ಣಿನ ವಹಿಯನ್ನೂ ತೆರೆದು ನೋಡಬೇಕು. ಒಂದು ಸಾಲಿನ ಆ ಬರಹದ ಹಿಂದೆ ಒಬ್ಬ ತಾಯಿಯ ದುಃಖವಿರುತ್ತದೆ.

ಸಮಾಧಿಗಳನ್ನು ನೋಡಿ ತಿಳಿಯಬಹುದಲ್ಲವೆ ಎಂದು ನಾವು ಕೇಳಿದೆವು. ಹಿರಿಯರ ಗದ್ದುಗೆಗೆ ತಲೆಮಾರುಗಳವರೆಗೆ ನಡೆದುಕೊಳ್ಳುವ ನಮಗೆ ಅವರ ಉತ್ತರ ವಿಚಿತ್ರವೆನಿಸಿತು. ಅಲ್ಲಿ ಸಮಾಧಿಯ ನೆಲ ಗುತ್ತಿಗೆಯದು. ಸಾಮಾನ್ಯವಾಗಿ 20-30 ವರ್ಷದ ಅವಧಿ ಮುಗಿದು, ಮನೆಯವರು ಮುಂದುವರಿಸದಿದ್ದರೆ ಕಲ್ಲನ್ನು ತೆಗೆದು ಜಾಗವನ್ನು ಬೇರೆಯವರಿಗೆ ಕೊಡುತ್ತಾರೆ.

ಆಕೆ ಕೊನೆಗೆ ಹೇಳಿದ ಮಾತನ್ನು ನಾವು ಬರೆದಿಟ್ಟುಕೊಂಡೆವು. "ಹೆಸರು ಬದಲಾಗುತ್ತದೆ, ಬರೆಯುವವನ ಕೈಯಲ್ಲಿ ತಿರುಚಿಕೊಳ್ಳುತ್ತದೆ, ಸಾವಿರ ಜನರಿಗೆ ಒಂದೇ ಇರುತ್ತದೆ. ಮೊದಲು ಊರು ಹುಡುಕಿರಿ. ಊರು ಸಿಕ್ಕರೆ ವಹಿ ಸಿಗುತ್ತದೆ, ವಹಿ ಸಿಕ್ಕರೆ ಹೆಸರು ಸಿಗುತ್ತದೆ."

ನಾಚಿಕೆಯ ಪುಸ್ತಕ

ಊರು ಗೊತ್ತಿದ್ದೂ ವಹಿ ಸಿಗದವರ ಕಥೆಯೇನು? ಆ ವೃದ್ಧ ಮಹಿಳೆ ಅಂಥವರಲ್ಲೊಬ್ಬರು. ನಾವು ಹೊರಡುವ ಹಿಂದಿನ ವಾರ ತಮ್ಮ ಮನೆಗೆ ಕರೆದು, ಮೇಜಿನ ಖಾನೆಯಿಂದ ಒಂದು ತೆಳುವಾದ ಪುಸ್ತಕ ತೆಗೆದರು. ಅವರು ಹುಟ್ಟಿದ್ದು 1938ರಲ್ಲಿ, ಪೂರ್ವ ಪ್ರಶ್ಯದ ಹಳ್ಳಿಯಲ್ಲಿ. 1945ರ ಜನವರಿಯ ಹಿಮದಲ್ಲಿ, ಏಳು ವರ್ಷವೂ ತುಂಬದ ಅವರ ಕೈಹಿಡಿದು ತಾಯಿ ಓಡಿಬಂದರು. ಆ ಕಾಲದಲ್ಲಿ ಪೂರ್ವದ ನಾಡುಗಳಿಂದ ಹೀಗೆ ನೆಲೆ ಕಳೆದುಕೊಂಡ ಜರ್ಮನರು ಸುಮಾರು 1 ಕೋಟಿ 20 ಲಕ್ಷ. ಆ ಹಳ್ಳಿಯ ಚರ್ಚಿನ ವಹಿಗಳು ಯುದ್ಧದಲ್ಲಿ ಕಳೆದುಹೋದವು. ತಾಯಿ ತಂದ ಗಂಟಿನಲ್ಲಿ ಉಳಿದದ್ದು ಈ ಪುಸ್ತಕ. ಅದರ ಹೆಸರು "ಆನೆನ್‌ಪಾಸ್", ಪೂರ್ವಜರ ಪಾಸು.

ಹಿಟ್ಲರನ ಸರಕಾರ 1933ರಲ್ಲಿ ಬಂದೊಡನೆ, ಸರಕಾರಿ ನೌಕರರು ತಮ್ಮ ಅಜ್ಜ ಅಜ್ಜಿಯರಲ್ಲಿ ಯೆಹೂದ್ಯರಿಲ್ಲವೆಂದು ಸಿದ್ಧಪಡಿಸಬೇಕೆಂಬ ಕಾನೂನು ಬಂದಿತು. ದೇಶಕ್ಕೆ ದೇಶವೇ ಚರ್ಚಿನ ವಹಿಗಳ ಮುಂದೆ ಸಾಲು ನಿಂತಿತು. ಅವರ ತಂದೆ ಶಾಲಾ ಶಿಕ್ಷಕರು. ಪತಿಪತ್ನಿ ಇಬ್ಬರೂ ಮೂಲ ತೋರಿಸಬೇಕಾಯಿತು. ಹೀಗೆ ತುಂಬಿದ ಆ ಪುಸ್ತಕದಲ್ಲಿ ಮುತ್ತಜ್ಜಿಯರ ಹೆಸರು, ಹುಟ್ಟಿದ ಊರು, ಪಾದ್ರಿಯ ಮೊಹರು ಎಲ್ಲವೂ ಇವೆ. ಅದೇ ಸರಕಾರ 1939ರ ಜನವರಿ 1ರಿಂದ ಯೆಹೂದ್ಯ ಗಂಡಸರು ಇಸ್ರಾಯೆಲ್ ಎಂದೂ ಹೆಂಗಸರು ಸಾರಾ ಎಂದೂ ಹೆಚ್ಚಿನ ಹೆಸರನ್ನು ಕಡ್ಡಾಯವಾಗಿ ಧರಿಸುವಂತೆ ಮಾಡಿತು. ಆಮೇಲೆ ನಡೆದ ನರಮೇಧವನ್ನು ಲೋಕ ಬಲ್ಲುದು.

"ಈ ಪುಸ್ತಕವನ್ನು ನೋಡಿದರೆ ನಾಚಿಕೆಯಾಗುತ್ತದೆ, ಆದರೆ ನನ್ನ ಮುತ್ತಜ್ಜಿಯ ಹೆಸರು ಇರುವುದು ಇದೊಂದರಲ್ಲಿಯೇ. ಸುಡಲೂ ಆರೆ, ತೋರಿಸಲೂ ಆರೆ," ಎಂದು ಅವರು ಕಣ್ಣೊರೆಸಿಕೊಂಡರು. ನಮ್ಮ ಶ್ರೀಮತಿಯವರು ಭಾಷೆ ಬಾರದಿದ್ದರೂ ಅವರ ಕೈಹಿಡಿದು ಬಹಳ ಹೊತ್ತು ಕುಳಿತರು.

ಮರುದಿನ ಸ್ಟುಟ್‌ಗಾರ್ಟಿನ ಬೀದಿಯಲ್ಲಿ ನಡೆಯುವಾಗ ಕಾಲಬುಡದಲ್ಲಿ ಅಂಗೈಯಗಲದ ಹಿತ್ತಾಳೆಯ ತಗಡುಗಳನ್ನು ಕಂಡೆವು. ಗುಂಟರ್ ಡೆಮ್ನಿಗ್ ಎಂಬ ಕಲಾವಿದರು 1990ರ ದಶಕದಲ್ಲಿ ಆರಂಭಿಸಿದ ಕಾರ್ಯವಿದು. ನಾಜಿಗಳ ಕ್ರೌರ್ಯಕ್ಕೆ ಬಲಿಯಾದವರು ವಾಸವಾಗಿದ್ದ ಮನೆಯ ಮುಂದೆ ಅವರ ಹೆಸರು, ಹುಟ್ಟಿದ ವರ್ಷ, ಅವರಿಗಾದ ಗತಿಯನ್ನು ಕೆತ್ತಿ ನೆಲದಲ್ಲಿ ಹೂಳುತ್ತಾರೆ. 2023ರಲ್ಲಿ ಇವುಗಳ ಸಂಖ್ಯೆ ಒಂದು ಲಕ್ಷ ಮುಟ್ಟಿತು. ಬಲವಂತದ ಹೆಸರು ಹೊತ್ತು ಹೋದವರಿಗೆ ಅವರ ನಿಜವಾದ ಹೆಸರನ್ನು ಮರಳಿ ಕೊಡುವ ಕೆಲಸವಿದು. ಬಗ್ಗಿ ನೋಡಿದರೆ ಮಾತ್ರ ಓದಲು ಬರುತ್ತದೆ. ನಾವು ಬಗ್ಗಿ ಓದಿದೆವು.

ಕುಲವನ್ನು ಕೇಳಬಾರದೆಂದು 12ನೆಯ ಶತಮಾನದಲ್ಲಿಯೇ ಸಾರಿದ ಶರಣರ ಮಕ್ಕಳು ನಾವು. ವಂಶಾವಳಿ ಹುಡುಕುವುದು ನಮಗೆ ಸಲ್ಲುವುದೇ ಎಂಬ ಸಂದೇಹ ಆ ಪುಸ್ತಕವನ್ನು ಕಂಡಾಗ ನಮ್ಮನ್ನು ಕಾಡಿತು. ಹೊರಗಿಡುವುದಕ್ಕಾಗಿ ಕುಲ ಕೇಳುವುದು ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ಆ ದೇಶವೇ ಸಾಕ್ಷಿ. ಆದರೆ ನಮ್ಮನ್ನು ಸಾಕಿದ ಕೈಗಳ ಹೆಸರನ್ನು ಕೇಳುವುದು ಋಣದ ಮಾತು. ಕೇಳುವವನ ಮನಸ್ಸಿನಲ್ಲಿ ಏನಿದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಹೆಳವರ ದಾರಿ ಕಾಯುತ್ತ

ಆಗಸ್ಟಿನಲ್ಲಿ ಊರಿಗೆ ಮರಳಿದವರೇ 90 ದಾಟಿದ ನಮ್ಮ ಸೋದರತ್ತೆಯನ್ನು ಕಂಡು, ದೊಡ್ಡಾಯಿಯ ಹೆಸರೇನೆಂದು ಕೇಳಿದೆವು. ಅತ್ತೆ ಬಹಳ ಹೊತ್ತು ಯೋಚಿಸಿದರು. "ನಮ್ಮವ್ವನ ಹೆಸರು ಹಿಡಿದು ಯಾರೂ ಕರೀಲಿಲ್ಲಪ್ಪ. ತವರೂರಿನ ಹೆಸರು ಹೇಳಿ, ಆ ಊರಾಕಿ ಅಂತಿದ್ರು," ಎಂದರು. ಲಗ್ನದಲ್ಲಿ ಹೊಸ ಹೆಸರಿಟ್ಟಿದ್ದರೆಂದೂ, ಅದನ್ನೂ ಕರೆಯಲಿಲ್ಲವೆಂದೂ ಹೇಳಿದರು. ಹೆಸರು ಸಿಗಲಿಲ್ಲ, ಊರು ಸಿಕ್ಕಿತು.

ನಮ್ಮಲ್ಲಿ ಚರ್ಚಿನ ವಹಿಯಿಲ್ಲ, ಆದರೆ ಹೆಳವರಿದ್ದಾರೆ. ಸುಗ್ಗಿಯ ಕಾಲಕ್ಕೆ ಎತ್ತನ್ನು ಸಿಂಗರಿಸಿಕೊಂಡು ಬಂದು, ಮನೆಯ ಮುಂದೆ ನಿಂತು ತಲೆಮಾರುಗಳ ಹೆಸರು ಹೇಳಿ, ಕಾಳುಕಡಿ ಪಡೆದು ಹೋಗುವ ಈ ಬಂಧುಗಳನ್ನು ಭಿಕ್ಷುಕರೆಂದು ಬಾಗಿಲು ಮುಚ್ಚಿದವರು ನಮ್ಮಲ್ಲಿಯೇ ಇದ್ದಾರೆ. ಅವರ ವಹಿಯಲ್ಲಿ ಗಂಡುಮಕ್ಕಳ ಸಾಲೇ ಮುಖ್ಯವಾದರೂ, ದೊಡ್ಡಾಯಿಯ ತವರಿನವರ ವಹಿಯಲ್ಲಿ ಮಗಳನ್ನು ಕೊಟ್ಟ ಮಾತೊಂದು ಇರಬಾರದೆಂದಿಲ್ಲ. ಆ ಊರಿಗೆ ಹೋಗಿ, ಈ ಸುಗ್ಗಿಗೆ ಹೆಳವರು ಬಂದಾಗ ತಿಳಿಸಬೇಕೆಂದು ಹೇಳಿ ಬಂದಿದ್ದೇವೆ.

ಓದುಗ ಬಂಧುಗಳಲ್ಲಿ ನಮ್ಮದೊಂದು ವಿನಂತಿ. ಮನೆಯಲ್ಲಿ ಹಿರಿಯರು ಇರುವಾಗಲೇ ಒಂದು ವಹಿ ತೆರೆಯಿರಿ. ಗಂಡಸರ ಹೆಸರನ್ನು ಬರೆಯುವಷ್ಟೇ ಶ್ರದ್ಧೆಯಿಂದ ತಾಯಿ, ಅಜ್ಜಿ, ಮುತ್ತಜ್ಜಿಯರ ಹೆಸರನ್ನೂ, ಲಗ್ನಕ್ಕೆ ಮುಂಚಿನ ಹೆಸರನ್ನೂ, ತವರೂರನ್ನೂ ಬರೆಯಿರಿ. ಅದಕ್ಕೆ ಹಣ ಬೇಕಿಲ್ಲ, ಒಂದು ಸಂಜೆ ಸಾಕು.

ನಮ್ಮ ವಹಿಯನ್ನು ಮೊಮ್ಮಗಳ ಹೆಸರಿನಿಂದ ಆರಂಭಿಸಿದ್ದೇವೆ. ಮೇಲೆ ಅವಳ ತಾಯಿ, ಅದರ ಮೇಲೆ ಇಬ್ಬರು ಅಜ್ಜಿಯರು, ಹೀಗೆ ಏರುತ್ತ ಹೋಗಿ ದೊಡ್ಡಾಯಿಯ ಸಾಲಿಗೆ ಬಂದಾಗ ಊರನ್ನು ಬರೆದು, ಹೆಸರಿನ ಜಾಗವನ್ನು ಖಾಲಿ ಬಿಟ್ಟಿದ್ದೇವೆ.